ಪಾಟೀ ಸವಾಲಿಗೆ ಮೊದಲು

ಮಗಳು ವಕೀಲಿಕೆ ಓದುತ್ತೇನೆಂದರೆ "ಕೋರ್ಟಿನ ಸಹವಾಸ ಬೇಡಮ್ಮಾ" ಎನ್ನುತ್ತೀರಾ? ಒಮ್ಮೆ ಹಾನಗಲ್, ಶಿಗ್ಗಾಂವಿ, ಸವಣೂರು ಅಥವಾ ಹಿರೇಕೆರೂರಿನ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ.

ಮಹ್ರ್ ಸಿಗದ ಹೆಣ್ಣುಮಗಳೊಬ್ಬಳು ದಾವೆ ಹೂಡಿದ್ದಾಳೆಂದು ಇಟ್ಟುಕೊಳ್ಳಿ. "ಚಿನ್ನ ಕೊಡಲು ಒಪ್ಪಿದ್ದರಂತೆ" ಎಂದು ಚಿಕ್ಕಮ್ಮ ಹೇಳಿದರೆ ಆ 'ಅಂತೆ'ಯಲ್ಲೇ ಸಾಕ್ಷ್ಯ ಬಿದ್ದುಹೋಗುತ್ತದೆ. ಕಿವಿಯಾರೆ ಕೇಳಿದವರೇ ಬರಬೇಕು. ಸಾಲ ಬರೆದಿಡಬೇಕು, ಸಾಕ್ಷಿಗಳಿರಬೇಕು ಎನ್ನುವ ಅಲ್ ಬಕರಃದ 282ನೇ ವಚನ ಕುರ್‌ಆನಿನಲ್ಲೇ ಅತಿ ದೀರ್ಘವಾದುದು. ಕರೆದಾಗ ಸಾಕ್ಷಿಗಳು ನಿರಾಕರಿಸಬಾರದೆಂದೂ ಅದು ಹೇಳುತ್ತದೆ. ನಾವೋ ನಿಕಾಹ್‌ನಾಮೆ ಎಲ್ಲಿಟ್ಟೆವೆಂದೇ ಮರೆಯುತ್ತೇವೆ!

2002ರಿಂದ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆ ಅಫಿಡವಿಟ್ ಮೂಲಕ ನಡೆಯುತ್ತದೆ. ಹಾಗಾಗಿ ಕಟಕಟೆಯಲ್ಲಿ ಆಕೆ ಎದುರಿಸುವ ಮೊದಲ ಕಠಿಣ ಪ್ರಶ್ನೆಯೇ ಪಾಟೀ ಸವಾಲಿನದು. "ಮಹ್ರ್ ಪೂರ್ತಿ ಮುಟ್ಟಿದೆ, ಅಲ್ಲವೇ?" ಉತ್ತರವನ್ನೇ ಬಾಯಿಗಿಡುವ ಇಂಥ ಪ್ರಶ್ನೆಗೆ ಅಲ್ಲಿ ಅವಕಾಶವಿದೆ. ಗಾಬರಿಯಲ್ಲಿ "ಹೂಂ" ಎಂದರೆ ಅದೂ ದಾಖಲಾಗುತ್ತದೆ. ಯಾವುದಕ್ಕೆ ಆಕ್ಷೇಪಿಸಬೇಕು, ಮರುವಿಚಾರಣೆಯಲ್ಲಿ ಯಾವುದನ್ನು ತಿಳಿಗೊಳಿಸಬೇಕು ಎಂಬುದು ಕಲಮುಗಳ ಬಾಯಿಪಾಠದಿಂದ ಬಾರದು. ಅಣಕು ನ್ಯಾಯಾಲಯದಲ್ಲಿ ಗೆಳತಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿ, ಪ್ರಶ್ನಿಸಿ, ಎಡವಿ ಕಲಿಯಬೇಕು. ಹಾಜರಿಗಾಗಿ ನಡೆಸುವ ಅಣಕು ನ್ಯಾಯಾಲಯ ಅಣಕವೇ ಸರಿ.

1872ರ ಕಾಯ್ದೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಆಗಲೇ ಬಾಕಿಯಿದ್ದ ಮೊಕದ್ದಮೆಗಳಿಗೆ ಹಳೆಯದೇ ಅನ್ವಯ. ನಿಮ್ಮ ಮಗಳು ಎರಡನ್ನೂ ಓದಬೇಕು. ವಾಟ್ಸಾಪ್ ಸಂದೇಶದ ಪ್ರಿಂಟ್ ಹಾಜರುಪಡಿಸಲು ಹೊಸ ಕಾನೂನಿನ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು, ಅದರಲ್ಲಿ ತಜ್ಞರ ಸಹಿಯೂ ಇರಬೇಕು. ಹಳೆಯ ಮೊಬೈಲನ್ನು ಸದ್ಯಕ್ಕೆ ಮಾರಬೇಡಿ.