ಕಬ್ಬಿಣದ ಕಣ, ಇಂಗಾಲದ ಎಳೆ: ನ್ಯಾನೊಟ್ಯೂಬ್ ಮತ್ತು ನ್ಯಾನೊಫೈಬರ್ ತಯಾರಿಕೆ, ಬಳಕೆ

ನನ್ನ ಪರದೆ ಎಲ್ಲರಿಗೂ ಕಾಣಿಸ್ತಿದೆ ಅಂದುಕೊಳ್ತೇನೆ. ಮೊದಲ ಚಿತ್ರ ನೋಡಿ "ಇದೇನು, ಮಣ್ಣಿನ ಫೋಟೋ?" ಅಂತ ಒಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ. ಹೌದು, ಅದು ನಮ್ಮೂರು ಓಬಳಾಪುರದ ಮಣ್ಣೇ. ಬಳ್ಳಾರಿ ಗಡಿಗೆ ಅಂಟಿಕೊಂಡ ಊರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಗುಡ್ಡದಲ್ಲಿ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದಿರಿನ ಲಾರಿಗಳು ಓಡಾಡುತ್ತಿದ್ದಾಗ ಹಗ್ಗದ ಮೇಲೆ ಹಾಕಿದ ಬಿಳಿ ಬಟ್ಟೆ ಒಣಗೋಷ್ಟರಲ್ಲಿ ಕೆಂಪಾಗುತ್ತಿತ್ತು. ಇಂಗಾಲದ ಮಾತಿಗೆ ಕಬ್ಬಿಣ ಯಾಕೆ ಬಂತು ಅನ್ನೋದನ್ನೇ ಮೊದಲು ಹೇಳಿಬಿಡ್ತೇನೆ.

ಗ್ರಾಫೈಟ್‌ನ ಒಂದೇ ಪದರವನ್ನು ಚಾಪೆಯಂತೆ ಸುರುಳಿ ಸುತ್ತಿ ಅಂಚಿಗೆ ಅಂಚು ಬೆಸೆದರೆ ಏಕಪದರದ ನ್ಯಾನೊಟ್ಯೂಬ್. ಅದರ ವ್ಯಾಸ ಸುಮಾರು 1ರಿಂದ 2 ನ್ಯಾನೊಮೀಟರ್. ಕೊಳವೆಯೊಳಗೆ ಕೊಳವೆ ಇದ್ದರೆ ಬಹುಪದರದ್ದು. ನ್ಯಾನೊಫೈಬರ್‌ನಲ್ಲಿ ಪದರಗಳು ಹೀಗೆ ಉದ್ದಕ್ಕೂ ಸಮಾನಾಂತರವಾಗಿ ಇರುವುದಿಲ್ಲ. ಕಣದ ಮೇಲೆ ಬೆಳೆದ ಫೈಬರ್‌ನಲ್ಲಿ ಅವು ಓರೆಯಾಗಿರುತ್ತವೆ, ಚಹಾದಂಗಡಿಯಲ್ಲಿ ಪೇಪರ್ ಲೋಟಗಳನ್ನು ಒಂದರೊಳಗೊಂದು ಸಿಕ್ಕಿಸಿಟ್ಟ ಹಾಗೆ. ಲೋಟದ ಅಂಚುಗಳೆಲ್ಲ ಹೊರಕ್ಕೆ ತೆರೆದಿರೋದರಿಂದ ಬೇರೆ ಅಣುಗಳು ಅಲ್ಲಿ ಸುಲಭವಾಗಿ ಅಂಟುತ್ತವೆ. ಬಲ ಮಾತ್ರ ಕಡಿಮೆ, ಯಾಕಂದ್ರೆ ಎಳೆದಾಗ ಲೋಟದಿಂದ ಲೋಟ ಜಾರುತ್ತೆ.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ 'ನೇಚರ್' ಪತ್ರಿಕೆಯಲ್ಲಿ ಬರೆದ ಮೇಲೆ ಇವು ಜಗತ್ತಿಗೇ ಪರಿಚಯವಾದವು. ಆದರೆ ರಷ್ಯಾದ ರಾದುಷ್ಕೇವಿಚ್ ಮತ್ತು ಲುಕ್ಯಾನೊವಿಚ್ 1952ರಲ್ಲೇ ಇಂಥ ಎಳೆಗಳ ಚಿತ್ರ ಪ್ರಕಟಿಸಿದ್ದರು. ರಷ್ಯನ್ ಭಾಷೆಯಲ್ಲಿತ್ತು, ಹೆಚ್ಚು ಜನ ಓದಲಿಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಈ ಕತೆ ಸ್ವಲ್ಪ ಚುಚ್ಚುತ್ತೆ.

ಈಗ ಕಬ್ಬಿಣಕ್ಕೆ ಬರೋಣ. ಅಸಿಟಿಲೀನ್‌ನಂಥ ಅನಿಲವನ್ನು 700-900 ಡಿಗ್ರಿ ಬಿಸಿಯಲ್ಲಿ ಕಬ್ಬಿಣದ ಸಣ್ಣ ಕಣದ ಮೇಲೆ ಹಾಯಿಸಿದರೆ ಅಣು ಒಡೆದು ಇಂಗಾಲ ಕಣದೊಳಗೆ ಕರಗುತ್ತೆ. ಇನ್ನು ಹಿಡಿಸಲಾರದು ಅನ್ನೋ ಹಂತ ಮುಟ್ಟಿದಾಗ ಗ್ರಾಫೈಟ್ ಪದರವಾಗಿ ಹೊರಗೆ ಬರುತ್ತೆ. ಶಾವಿಗೆ ಒರಳಿನ ತೂತು ಎಷ್ಟೋ ಎಳೆ ಅಷ್ಟೇ ದಪ್ಪ ಅಲ್ವಾ, ಇಲ್ಲೂ ಹಾಗೇ: ಕಣ ಸಣ್ಣದಿದ್ದರೆ ನ್ಯಾನೊಟ್ಯೂಬ್, ದೊಡ್ಡದಾದರೆ ಫೈಬರ್. ಹೋಲಿಕೆ ಒಂದು ಕಡೆ ಕೈಕೊಡುತ್ತೆ. ಒರಳಿನ ತೂತು ಹಿಗ್ಗೋದಿಲ್ಲ. ಆದರೆ ಈ ಕಣಗಳು ಬಿಸಿಗೆ ಒಂದಕ್ಕೊಂದು ಕೂಡಿ ದಪ್ಪವಾಗಿಬಿಡುತ್ತವೆ. ತಯಾರಿಕೆಯ ಅರ್ಧ ತಲೆನೋವು ಅದೇ.

ಈ ತಲೆನೋವಿಗೆ ಬೆಂಗಳೂರಿನಲ್ಲಿ ಒಂದು ಸೊಗಸಾದ ಉಪಾಯ ಸಿಕ್ಕಿತು. 1997-98ರಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಫೆರೊಸೀನ್ ಬಳಸಿತು. ಐದು ಇಂಗಾಲದ ಎರಡು ಉಂಗುರಗಳ ನಡುವೆ ಒಂದು ಕಬ್ಬಿಣದ ಪರಮಾಣು, ಅದೇ ಫೆರೊಸೀನ್. ಒಂದು ಕುಲುಮೆಯಲ್ಲಿ ಅದನ್ನು ಆವಿ ಮಾಡಿ, ಆರ್ಗಾನ್-ಹೈಡ್ರೋಜನ್ ಜೊತೆ ಸುಮಾರು 900 ಡಿಗ್ರಿಯ ಇನ್ನೊಂದು ಕುಲುಮೆಗೆ ಕಳಿಸಿದರೆ, ಕಬ್ಬಿಣವೂ ಅಲ್ಲೇ ಹುಟ್ಟುತ್ತೆ, ಇಂಗಾಲವೂ ಅಲ್ಲೇ ಸಿಗುತ್ತೆ. ಕಣ ಮೊದಲೇ ಮಾಡಿಡುವ ಗೋಜಿಲ್ಲ. ಒತ್ತೊತ್ತಾಗಿ ನಿಂತ ನ್ಯಾನೊಟ್ಯೂಬ್‌ಗಳ ಕಟ್ಟು ಸಿಕ್ಕಿತು. ನಂತರ ಪೂಜೆಯ ಕರ್ಪೂರವನ್ನೇ ಇಂಗಾಲದ ಮೂಲವಾಗಿ ಬಳಸಿದವರೂ ಇದ್ದಾರೆ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಬಾರಿ ಕೊಳವೆ ತೆಗೆದಾಗ ಗೋಡೆಗೆಲ್ಲ ಕಪ್ಪು ಪುಡಿ. "ನ್ಯಾನೊಟ್ಯೂಬ್ ಬಂತು" ಅಂತ ಲ್ಯಾಬಿನಲ್ಲಿ ಕೂಗಿಬಿಟ್ಟೆ. ಸಾಧಾರಣ ಮೈಕ್ರೋಸ್ಕೋಪ್ ಚಿತ್ರದಲ್ಲಿ ಎಳೆಗಳೂ ಕಂಡವು. ವರದಿಯಲ್ಲಿ ಹಾಗೇ ಬರೆದೆ. ಆಮೇಲೆ ಪದರ ಕಾಣುವಷ್ಟು ದೊಡ್ಡದು ಮಾಡಿ ನೋಡಿದರೆ ಬಹುಪಾಲು ಮಸಿ, ಉಳಿದದ್ದು ಓರೆ ಪದರದ ಫೈಬರ್, ಮಧ್ಯೆ ಮಧ್ಯೆ ಕಬ್ಬಿಣದ ಚೂರು. ವರದಿ ವಾಪಸ್ ತಗೊಂಡೆ. ಕಪ್ಪಗಿರೋದೆಲ್ಲ ನ್ಯಾನೊಟ್ಯೂಬ್ ಅಲ್ಲ, ಎಳೆಯಾಗಿರೋದೆಲ್ಲವೂ ಅಲ್ಲ.

ಅದೇ ಎಚ್ಚರ ಉಕ್ಕಿನ ಕತೆಗೂ ಬೇಕು. ಇಂಗ್ಲಿಷಿನ 'ವೂಟ್ಸ್' ಪದ ನಮ್ಮ 'ಉಕ್ಕು' ಪದದಿಂದ ಬಂದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಹಾಕಿ ಮಣ್ಣಿನ ಮೂಸೆ ಮುಚ್ಚಿ ಕಾಯಿಸೋದು ಅದರ ಕ್ರಮ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ತಂಡ 17ನೇ ಶತಮಾನದ ಡಮಾಸ್ಕಸ್ ಕತ್ತಿಯ ಚೂರನ್ನು ಆಮ್ಲದಲ್ಲಿ ಕರಗಿಸಿ, ಉಳಿದದ್ದರಲ್ಲಿ ಇಂಗಾಲದ ನ್ಯಾನೊಟ್ಯೂಬ್ ಕಂಡೆವು ಎಂದು ಬರೆಯಿತು. ಅಷ್ಟಕ್ಕೇ "ನಮ್ಮ ಹಿರಿಯರಿಗೆ ನ್ಯಾನೊ ಗೊತ್ತಿತ್ತು" ಅಂತ ವಾಟ್ಸಾಪಿನಲ್ಲಿ ಹರಿದಾಡಿತು. ನಮ್ಮಪ್ಪನೂ ನನಗೆ ಕಳಿಸಿದ್ದರು! "ಅಪ್ಪಾ, ಮೂಸೆ ಕಾಯಿಸಿದವರಿಗೆ ಉಕ್ಕು ಗೊತ್ತಿತ್ತು, ಅದು ಸಣ್ಣ ಮಾತಲ್ಲ. ನ್ಯಾನೊಟ್ಯೂಬ್ ಇದ್ದದ್ದು ಬೇರೆ, ಗೊತ್ತಿದ್ದದ್ದು ಬೇರೆ" ಅಂದೆ. ಕತ್ತಿಯ ಹರಿತಕ್ಕೆ ಅದೇ ಕಾರಣ ಅನ್ನೋದೂ ಸಾಬೀತಾಗಿಲ್ಲ.

ಬಳಕೆಯಲ್ಲಿ ಹೆಚ್ಚು ಮಾತಾಡೋದು ಬಲದ ಬಗ್ಗೆ. 2000ದಲ್ಲಿ ಒಂಟಿ ಬಹುಪದರದ ನ್ಯಾನೊಟ್ಯೂಬ್ ಎಳೆದು ಅಳೆದಾಗ ಹೊರಪದರ 11ರಿಂದ 63 ಗಿಗಾಪಾಸ್ಕಲ್ ತಡೆಯಿತು. ಆದರೆ ಪ್ಲಾಸ್ಟಿಕ್‌ಗೆ ಬೆರೆಸಿದರೆ ಆ ಬಲ ಬರೋದಿಲ್ಲ. ನೀರಿಗೆ ಒಮ್ಮೆಲೇ ಸುರಿದ ರಾಗಿಹಿಟ್ಟಿನಂತೆ ಗಂಟು ಕಟ್ಟುತ್ತೆ. ಅದಕ್ಕೇ ಸದ್ಯ ನಿಜವಾಗಿ ಹೆಚ್ಚು ಉಪಯೋಗಕ್ಕೆ ಬಂದಿರೋ ಜಾಗಗಳಲ್ಲಿ ಒಂದು ಲಿಥಿಯಂ ಬ್ಯಾಟರಿ. ಎಲೆಕ್ಟ್ರೋಡ್‌ನಲ್ಲಿ ಸ್ವಲ್ಪ ಬೆರೆಸಿದರೂ ವಿದ್ಯುತ್ತಿಗೆ ದಾರಿಯಾಗುತ್ತೆ. ನನಗೆ ಇಷ್ಟವಾದದ್ದು ಮಾತ್ರ 2003ರ 'ಸೈನ್ಸ್' ಪತ್ರಿಕೆಯ ಬೆಂಗಳೂರಿನ ಕೆಲಸ. ಶಂಕರ್ ಘೋಷ್, ಅಜಯ್ ಸೂದ್, ಎನ್. ಕುಮಾರ್ ಅವರು ನ್ಯಾನೊಟ್ಯೂಬ್ ಕಟ್ಟಿನ ಮೇಲೆ ದ್ರವ ಹರಿಸಿದರೆ ವೋಲ್ಟೇಜ್ ಹುಟ್ಟುತ್ತದೆಂದು ತೋರಿಸಿದರು. ವೇಗ ಹೆಚ್ಚಿದ ಹಾಗೆ ವೋಲ್ಟೇಜ್ ನೇರ ಅನುಪಾತದಲ್ಲಿ ಏರದೆ ಲಾಗರಿದಮ್‌ನಂತೆ ಏರಿತು. ಅದರ ಕಾರಣದ ಬಗ್ಗೆ ಬೇರೆಯವರು ಬೇರೆ ವಿವರಣೆ ಕೊಟ್ಟರು. ಪ್ರಯೋಗವಂತೂ ಕಣ್ಣಿಗೆ ಕಟ್ಟುವಂಥದ್ದು.

ಕೊನೆಗೆ ಧೂಳಿನ ಮಾತು, ಇದನ್ನು ಬಿಡೋಕಾಗಲ್ಲ. 2008ರಲ್ಲಿ ಉದ್ದನೆಯ, ಗಟ್ಟಿ ಬಹುಪದರದ ನ್ಯಾನೊಟ್ಯೂಬ್‌ಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ಸೇರಿಸಿದಾಗ ಕಲ್ನಾರಿನಂಥದೇ ಉರಿಯೂತ ಕಂಡಿತು. ಅಮೆರಿಕದ ನಿಯೋಶ್ ಸಂಸ್ಥೆ 2013ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಘನಮೀಟರಿಗೆ 1 ಮೈಕ್ರೋಗ್ರಾಂ ಮಿತಿ ಸೂಚಿಸಿತು. ಕೆಂಪು ಧೂಳು ಬಟ್ಟೆ ಮೇಲೆ ಕಾಣ್ತಿತ್ತು. ಅಮ್ಮ ಬೈದುಕೊಂಡು ಮತ್ತೆ ಒಗೀತಿದ್ದರು. ಇದು ಕಾಣೋದೇ ಇಲ್ಲ.

ಚಾಟ್‌ನಲ್ಲಿ ಇನ್ನೊಂದು ಪ್ರಶ್ನೆ ಇದೆ: "ನಿಮ್ಮೂರ ಮಣ್ಣಿನ ಮೇಲೇ ಬೆಳೆಸಬಹುದಾ?" ಇಟಲಿಯ ಎಟ್ನಾ ಜ್ವಾಲಾಮುಖಿಯ ಕಲ್ಲಿನಲ್ಲಿರೋ ಕಬ್ಬಿಣದ ಆಕ್ಸೈಡ್ ಮೇಲೆ 2007ರಲ್ಲಿ ನ್ಯಾನೊಟ್ಯೂಬ್, ನ್ಯಾನೊಫೈಬರ್ ಎರಡನ್ನೂ ಬೆಳೆಸಿದ್ದಾರೆ. ಹಾಗಾಗಿ ಹೆಮಟೈಟನ್ನು ಹೈಡ್ರೋಜನ್‌ನಲ್ಲಿ ಕಬ್ಬಿಣವಾಗಿಸಿದರೆ ಏನಾದರೂ ಬೆಳೆದೀತು; ಕಣದ ಗಾತ್ರ ಏರುಪೇರಿರೋದರಿಂದ ಫೈಬರೇ ಹೆಚ್ಚು ಬರುತ್ತೆ ಅಂತ ನನ್ನ ಊಹೆ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ಡಬ್ಬಿ ಮಣ್ಣು ತಂದಿಟ್ಟಿದ್ದೇನೆ. ಲ್ಯಾಬಿನ ಹೊಗೆ ಎಳೆಯೋ ಫ್ಯಾನ್ ಕೆಟ್ಟಿದೆ, ಅದು ರಿಪೇರಿ ಆಗೋವರೆಗೂ ಡಬ್ಬಿ ತೆಗೆಯಲ್ಲ.