ಗೃಹ ಆರೈಕೆದಾರರು ಮತ್ತು ವಿದೇಶದಲ್ಲಿ ಶಾಶ್ವತ ವಾಸ: ತಿಳಿದಿರಬೇಕಾದ ಸಂಗತಿಗಳು

ಠಾಣೆ, ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ವಲಸೆಯು ಅಪರಿಚಿತವಾದುದಲ್ಲ. ಉಲ್ಹಾಸನಗರವೇ 1947ರ ದೇಶ ವಿಭಜನೆಯ ತರುವಾಯ ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರಿಗಾಗಿ ಕಲ್ಯಾಣದ ಸೇನಾ ಶಿಬಿರದಲ್ಲಿ ತಲೆಯೆತ್ತಿ, 1949ರಲ್ಲಿ ಈಗಿನ ಹೆಸರನ್ನು ಪಡೆದ ನಗರ. ಇಂದು ಈ ಭಾಗದಲ್ಲಿ ವೃದ್ಧರ, ರೋಗಿಗಳ ಮತ್ತು ಶಿಶುಗಳ ಆರೈಕೆಯಲ್ಲಿ ತೊಡಗಿರುವ ಹಲವರು, ವಿಶೇಷವಾಗಿ ಮಹಿಳೆಯರು, ವಿದೇಶದ ಉದ್ಯೋಗದತ್ತ ದೃಷ್ಟಿ ಹರಿಸುತ್ತಿದ್ದಾರೆ. ಅಂಥವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದೊರೆಯಲಿರುವುದು ಕೇವಲ ಉದ್ಯೋಗದ ಪರವಾನಗಿಯೋ, ಅಥವಾ ಶಾಶ್ವತ ವಾಸದ ಹಕ್ಕೋ?

ಇವೆರಡರ ನಡುವಣ ಅಂತರ ದೊಡ್ಡದು. ಉದ್ಯೋಗದ ಪರವಾನಗಿಗೆ ಅವಧಿಯ ಮಿತಿಯುಂಟು. ಅನೇಕ ವೇಳೆ ಅದು ಒಬ್ಬನೇ ಉದ್ಯೋಗದಾತನಿಗೆ ಬದ್ಧವಾಗಿರುತ್ತದೆ. ಶಾಶ್ವತ ವಾಸದ ಹಕ್ಕು ಪಡೆದವರು ಕೆಲಸವನ್ನು ಬದಲಿಸಬಹುದು, ಪತಿ ಅಥವಾ ಪತ್ನಿ ಮತ್ತು ಮಕ್ಕಳೊಡನೆ ನೆಲೆಸಬಹುದು.

ಇಸ್ರೇಲ್ ಮತ್ತು ಕೊಲ್ಲಿ ರಾಷ್ಟ್ರಗಳು

ಕರಾವಳಿ ಕರ್ನಾಟಕದ ಅನೇಕರು ಇಸ್ರೇಲಿನಲ್ಲಿ ವೃದ್ಧರ ಆರೈಕೆಯಲ್ಲಿ ನಿರತರಾಗಿದ್ದಾರೆ. 2023ರ ಹೊತ್ತಿಗೆ ಆ ದೇಶದಲ್ಲಿ ಸುಮಾರು 18,000 ಭಾರತೀಯರಿದ್ದು, ಅವರಲ್ಲಿ ಹೆಚ್ಚಿನವರು ಆರೈಕೆದಾರರೇ ಆಗಿದ್ದರು. ಅದೇ ವರ್ಷದ ಒಪ್ಪಂದದಂತೆ 34,000 ನಿರ್ಮಾಣ ಕಾರ್ಮಿಕರಿಗೂ 8,000 ಶುಶ್ರೂಷಾ ಕಾರ್ಮಿಕರಿಗೂ ಅವಕಾಶ ಕಲ್ಪಿಸಲಾಯಿತು. ವೇತನವು ಆಕರ್ಷಕವೇ ಸರಿ. ಆದರೆ ಅಲ್ಲಿನ ವಾಸಕ್ಕೆ ಸಾಮಾನ್ಯವಾಗಿ ಐದು ವರ್ಷ ಮೂರು ತಿಂಗಳ ಮಿತಿಯಿದೆ. ಅದೇ ರೋಗಿಯ ಸೇವೆಯಲ್ಲಿ ಮುಂದುವರಿಯಲು ವಿಸ್ತರಣೆ ದೊರೆಯಬಹುದಾದರೂ, ಎಷ್ಟೇ ವರ್ಷ ದುಡಿದರೂ ಅದು ಶಾಶ್ವತ ವಾಸಕ್ಕೆ ದಾರಿಯಾಗದು. ಕೊಲ್ಲಿ ರಾಷ್ಟ್ರಗಳಲ್ಲಿಯೂ ಗೃಹ ಆರೈಕೆಯ ಸೇವೆಯಿಂದ ಅಂತಹ ಹಕ್ಕು ಪ್ರಾಪ್ತವಾಗುವುದಿಲ್ಲ.

ಕೆನಡಾದ ಕ್ರಮ

ಆರೈಕೆಯ ಕೆಲಸವನ್ನೇ ಶಾಶ್ವತ ವಾಸದ ಮಾರ್ಗವನ್ನಾಗಿಸಿದ ದೇಶಗಳಲ್ಲಿ ಕೆನಡಾ ಪ್ರಮುಖವಾದುದು. 1992ರ ಯೋಜನೆಯಂತೆ ಆರೈಕೆದಾರರು ಉದ್ಯೋಗದಾತನ ಮನೆಯಲ್ಲಿಯೇ ವಾಸಿಸಿ ಎರಡು ವರ್ಷ ದುಡಿದ ಬಳಿಕ ಅರ್ಜಿ ಸಲ್ಲಿಸಬಹುದಾಗಿತ್ತು. ಈ ಅವಧಿಯಲ್ಲಿಯೂ ಅರ್ಜಿ ಇತ್ಯರ್ಥವಾಗುವ ತನಕವೂ ಅನೇಕ ತಾಯಂದಿರು ಮಕ್ಕಳಿಂದ ದೂರವಿರಬೇಕಾಯಿತು. 2014ರಲ್ಲಿ ಆ ಯೋಜನೆ ಹೊಸಬರಿಗೆ ಮುಚ್ಚಿತು. 2019ರ ಜೂನ್‌ನಲ್ಲಿ ಆರಂಭವಾದ ಎರಡು ಪ್ರಾಯೋಗಿಕ ಯೋಜನೆಗಳು 2024ರ ಜೂನ್‌ನಲ್ಲಿ ಕೊನೆಗೊಂಡವು.

2025ರ ಮಾರ್ಚ್ 31ರಂದು ಹೊಸ ಯೋಜನೆ ತೆರೆಯಿತು. ಭಾಷಾ ಪರೀಕ್ಷೆಯಲ್ಲಿ ನಾಲ್ಕನೆಯ ಮಟ್ಟ, ಪ್ರೌಢಶಿಕ್ಷಣಕ್ಕೆ ಸಮಾನವಾದ ವಿದ್ಯಾರ್ಹತೆ, ಆರು ತಿಂಗಳ ಅನುಭವ ಅಥವಾ ಅಷ್ಟೇ ಅವಧಿಯ ತರಬೇತಿ ಮತ್ತು ಪೂರ್ಣಾವಧಿ ಉದ್ಯೋಗದ ಪ್ರಸ್ತಾಪ, ಇವು ಅದರ ಮುಖ್ಯ ಷರತ್ತುಗಳಾಗಿದ್ದವು. ಆದರೆ ಆ ಸುತ್ತಿನಲ್ಲಿ ಅವಕಾಶವಿದ್ದುದು ಅದಾಗಲೇ ಕೆನಡಾದಲ್ಲಿದ್ದವರಿಗೆ ಮಾತ್ರ. ಅರ್ಜಿಗಳ ಮಿತಿಯೂ ಕ್ಷಿಪ್ರವಾಗಿ ಭರ್ತಿಯಾಯಿತು. ಬ್ರಿಟನ್ ಕೂಡ 2025ರ ಜುಲೈ 22ರಿಂದ ಹೊರದೇಶಗಳಿಂದ ಹೊಸ ಆರೈಕೆದಾರರನ್ನು ನೇಮಿಸಿಕೊಳ್ಳುವುದನ್ನು ನಿಲ್ಲಿಸಿತು. ಆದುದರಿಂದ ಮಾರ್ಗವು ಸದಾ ತೆರೆದಿದೆಯೆಂದು ನುಡಿಯುವ ಮಧ್ಯವರ್ತಿಯ ಮಾತನ್ನು ಆಯಾ ದೇಶದ ಸರ್ಕಾರದ ಪ್ರಕಟಣೆಯೊಡನೆ ತಾಳೆ ನೋಡದೆ ನಂಬಲಾಗದು.

ನಮ್ಮ ದೇಶದ ಕಾನೂನು

1983ರ ವಲಸೆ ಕಾಯ್ದೆಯಂತೆ ನೋಂದಣಿ ಪಡೆದ ಏಜೆಂಟರು ಮಾತ್ರ ವಿದೇಶೀ ಉದ್ಯೋಗಕ್ಕೆ ನೇಮಕ ಮಾಡಿಸಬಹುದು. ಅಭ್ಯರ್ಥಿಯಿಂದ ಅವರು ಪಡೆಯಬಹುದಾದ ಸೇವಾಶುಲ್ಕದ ಗರಿಷ್ಠ ಮಿತಿ, ತೆರಿಗೆಯನ್ನು ಹೊರತುಪಡಿಸಿ, 30,000 ರೂಪಾಯಿಗಳು. ಅದಕ್ಕೆ ರಶೀದಿ ಕೊಡುವುದು ಕಡ್ಡಾಯ. ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಪರಿಶೀಲಿಸಬಹುದು.

ಹತ್ತನೆಯ ತರಗತಿ ತೇರ್ಗಡೆಯಾಗದ ಕಾರಣ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿಯ ಷರತ್ತು ನಮೂದಾಗಿರುವವರು, ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ಅಧಿಸೂಚಿತ ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ ವಲಸೆ ಸಂರಕ್ಷಕರ ಅನುಮತಿ ಪಡೆಯತಕ್ಕದ್ದು. ಮುಂಬಯಿಯಲ್ಲಿ ಈ ಕಚೇರಿಯಿದೆ. ಇಂತಹ ಮಹಿಳೆಯರಿಗೆ ಕನಿಷ್ಠ 30 ವರ್ಷ ವಯಸ್ಸಾಗಿರಬೇಕು. 10 ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ರಕ್ಷಣೆಯೂ ಇವರಿಗೆ ಕಡ್ಡಾಯ. ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಈ ಯಾವ ರಕ್ಷಣೆಯೂ ಸುಲಭವಾಗಿ ಒದಗದು.

ಒಡವೆಗಳನ್ನು ಅಡವಿಡುವ ಮುನ್ನ ವೀಸಾದ ಸ್ವರೂಪ, ಅದರ ಅವಧಿ, ಉದ್ಯೋಗದಾತನನ್ನು ಬದಲಿಸುವ ಸ್ವಾತಂತ್ರ್ಯ ಮತ್ತು ಕುಟುಂಬವನ್ನು ಕರೆಸಿಕೊಳ್ಳುವ ಅವಕಾಶ, ಈ ನಾಲ್ಕು ಅಂಶಗಳನ್ನು ಲಿಖಿತವಾಗಿ ಅರಿತುಕೊಳ್ಳಬೇಕು. ಕರಾರಿನ ಒಂದು ಪ್ರತಿ ಮನೆಯವರ ಬಳಿ ಇರಲಿ. ಹೋದವರು ಎಷ್ಟು ಕಾಲಕ್ಕೆ ಹೋಗುತ್ತಿದ್ದಾರೆಂಬುದು ಅವರ ಮಕ್ಕಳಿಗೂ ತಿಳಿದಿರುವುದು ನ್ಯಾಯವೇ ಆಗಿದೆ.