ಎಲೆ ಆಡಿ ಮನೆ ನಡೆಸಬಹುದೇ?

ಇಂದು ನಿಮ್ಮ ಮುಂದೆ ಒಂದು ಲೆಕ್ಕವನ್ನು ಇಡುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು ನಾನು. ಕೂಡಿಸಿ ಕಳೆಯುವುದು ಬಿಟ್ಟರೆ ಬೇರೆ ವಿದ್ಯೆ ನನಗೆ ಬಾರದು.

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದ. “ಕಾಕಾ, ಅಪ್ಪನ ಠೇವಣಿ ಮುದತ್ತಿಗಿಂತ ಮೊದ್ಲ ಮುರಿಸಿದ್ರ ಬಡ್ಡಿ ಎಷ್ಟ ಹೋಗ್ತದ?” ಎಂದು ಕೇಳಿದ. ಯಾಕಪ್ಪಾ ಎಂದೆ. ಗೋವೆಗೆ ಹೋಗಿ ಪೋಕರ್ ಆಡುವುದನ್ನೇ ಕಸುಬು ಮಾಡಿಕೊಳ್ಳುತ್ತಾನಂತೆ. ಠೇವಣಿ ನಾಲ್ಕು ಲಕ್ಷದ್ದು. ಅವನ ತಂದೆ ಗಿರಣಿಯಲ್ಲಿ ದುಡಿದು ಪಡೆದ ಗ್ರಾಚ್ಯುಯಿಟಿ ಅದು. “ಇದು ನಸೀಬಿನ ಆಟ ಅಲ್ರಿ ಕಾಕಾ, ತಲಿ ಓಡಿಸೋ ಆಟ” ಎಂದ.

ಬೈದು ಕಳಿಸುವುದು ಸುಲಭವಿತ್ತು. ಆದರೆ ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನೀವೂ ನಾನೂ ಕೂಡಿ ನೋಡೋಣ.

ತೀನ್ ಪತ್ತಿ ಕಂಡವರಿಗೆ ಪೋಕರ್ ತಿಳಿಯುವುದು ಕಷ್ಟವಲ್ಲ. ಹೆಚ್ಚು ಪ್ರಚಾರದಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಐದು ಎಲೆಗಳನ್ನು ನಡುವೆ ಎಲ್ಲರಿಗೂ ಕಾಣುವಂತೆ ಹಂತಹಂತವಾಗಿ ಬಿಚ್ಚುತ್ತಾರೆ. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರದು ಗೆಲುವು. ನಡುನಡುವೆ ಹಣ ಏರಿಸಬಹುದು, ಎಲೆ ಎಸೆದು ಹಿಂದೆ ಸರಿಯಬಹುದು. ಎದುರಿನವನ ಕೈಯಲ್ಲಿ ಏನಿದೆ ಎಂದು ಅಳೆಯುವುದು, ಯಾವಾಗ ಎಸೆಯಬೇಕೆಂದು ತಿಳಿಯುವುದು, ಇದೇ ಜಾಣತನ.

ಈ ಜಾಣತನ ಸುಳ್ಳಲ್ಲ. 2019ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಫೇಸ್‌ಬುಕ್ ಸಂಸ್ಥೆಯೊಡನೆ ಸೇರಿ ರೂಪಿಸಿದ ‘ಪ್ಲುರಿಬಸ್’ ಎಂಬ ಕಂಪ್ಯೂಟರ್ ಕಾರ್ಯಕ್ರಮವು, ಆರು ಜನರ ಪೋಕರ್ ಆಟದಲ್ಲಿ ನುರಿತ ವೃತ್ತಿಯವರನ್ನೇ ಸೋಲಿಸಿತು. ಬರೀ ಅದೃಷ್ಟವಾಗಿದ್ದರೆ ಯಂತ್ರಕ್ಕೆ ಇದು ಸಾಧ್ಯವಾಗುತ್ತಿರಲಿಲ್ಲ. ನಮ್ಮಲ್ಲಿಯೂ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಹೇಳಿತು. ಪೋಕರ್ ಬಗ್ಗೆ ಮಾತ್ರ ಹೈಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಗುಜರಾತ್ ಹೈಕೋರ್ಟು 2017ರಲ್ಲಿ ಅದನ್ನು ಕೌಶಲದ ಆಟವೆಂದು ಒಪ್ಪಲಿಲ್ಲ.

ಇರಲಿ, ಕೌಶಲ ಇದೆ ಎಂದೇ ಹಿಡಿಯೋಣ. ಕೌಶಲ ಇದ್ದ ಮಾತ್ರಕ್ಕೆ ತಿಂಗಳ ಕೊನೆಗೆ ಪಗಾರ ಬಂದೀತೇ?

ಮೊದಲನೆಯ ಲೆಕ್ಕ ನಸೀಬಿನದು. ಕೈಗೆ ಬರಬಹುದಾದ ಅತಿ ಒಳ್ಳೆಯ ಜೋಡಿ ಎರಡು ಎಕ್ಕ. ಅದು ಸರಾಸರಿ 221 ಸಲಕ್ಕೊಮ್ಮೆ ಬರುತ್ತದೆ. ಮೇಜಿನ ಮೇಲೆ ಗಂಟೆಗೆ 25 ಆಟ ನಡೆದರೆ, ಸುಮಾರು ಒಂಬತ್ತು ಗಂಟೆ ಕುಳಿತವನಿಗೆ ಒಮ್ಮೆ. ಹಾಗೆ ಬಂದ ಜೋಡಿಯೂ ಎದುರಾಳಿಯ ಎರಡು ರಾಜರ ಮುಂದೆ ನೂರಕ್ಕೆ ಸುಮಾರು ಹದಿನೆಂಟು ಸಲ ಸೋಲುತ್ತದೆ. ತಪ್ಪು ಮಾಡದೆಯೂ ಸೋಲುವ ಕೆಲಸ ಇದು. ಚೆನ್ನಾಗಿ ಆಡುವವನಿಗೂ ತಿಂಗಳುಗಟ್ಟಲೆ ಸೋಲಿನ ಕಾಲ ಬರುತ್ತದೆ. ಹಾಲಿನವನು, ಕಿರಾಣಿಯವನು, ಮಕ್ಕಳ ಶಾಲೆಯವರು ಅಷ್ಟು ದಿನ ಕಾಯುವುದಿಲ್ಲ.

ಎರಡನೆಯದು ಮನೆಯವರ ಪಾಲು. ಪೋಕರಿನಲ್ಲಿ ಆಡಿಸುವ ಮನೆ ನಿಮ್ಮ ವಿರುದ್ಧ ಆಡುವುದಿಲ್ಲ. ಪ್ರತಿ ಆಟದ ಗಂಟಿನಿಂದ ತನ್ನ ಪಾಲು ತೆಗೆದುಕೊಳ್ಳುತ್ತದೆ. ಉದಾಹರಣೆಗೆ, ಆರು ಜನ ತಲಾ ಹತ್ತು ಸಾವಿರ ತಂದರು, ಒಟ್ಟು 60,000. ಪ್ರತಿ ಆಟದಲ್ಲಿ ಸರಾಸರಿ 2,000 ಕೂಡುತ್ತದೆ, ಮನೆಯವರು ನೂರಕ್ಕೆ ಐದರಂತೆ 100 ತೆಗೆಯುತ್ತಾರೆ ಎನ್ನಿ. ಗಂಟೆಗೆ 25 ಆಟವಾದರೆ 2,500. ಎಂಟು ಗಂಟೆಗೆ 20,000. ಸಂಜೆ ಏಳುವಾಗ ಆರೂ ಜನರ ಬಳಿ ಕೂಡಿ 40,000 ಮಾತ್ರ ಇರುತ್ತದೆ. ಎಲ್ಲರೂ ಸಮನಾಗಿ ಆಡಿದರೆ ಎಲ್ಲರೂ ಸೋತಿರುತ್ತಾರೆ. ನೀವು ಗೆಲ್ಲಬೇಕಾದರೆ ಉಳಿದವರಿಗಿಂತ ತುಸು ಮೇಲಿದ್ದರೆ ಸಾಲದು, ಮನೆಯವರ ಪಾಲನ್ನೂ ದಾಟಿ ಮೇಲಿರಬೇಕು.

ಮೂರನೆಯದು ತೆರಿಗೆ. ಎಲೆ ಆಟದ ಗೆಲುವಿಗೆ ನೂರಕ್ಕೆ 30, ಅದರ ಮೇಲೆ ನೂರಕ್ಕೆ 4 ಸೆಸ್. ಬೇರೆ ಆದಾಯಕ್ಕೆ ಇರುವ ತೆರಿಗೆಯಿಲ್ಲದ ಮಿತಿ ಇದಕ್ಕೆ ಇಲ್ಲ. ವರ್ಷಕ್ಕೆ ಎರಡು ಲಕ್ಷ ಪಗಾರ ಪಡೆದವನು ಆದಾಯ ತೆರಿಗೆ ಕಟ್ಟಬೇಕಿಲ್ಲ. ಎರಡು ಲಕ್ಷ ಎಲೆಯಲ್ಲಿ ಗೆದ್ದವನು 62,400 ಕಟ್ಟಬೇಕು. ಹೋಗಿಬರುವ ಖರ್ಚು, ಉಳಿದುಕೊಂಡ ಖರ್ಚು ಕಳೆಯುವಂತಿಲ್ಲ. ಈ ವರ್ಷದ ಸೋಲನ್ನು ಮುಂದಿನ ವರ್ಷದ ಗೆಲುವಿಗೆ ಹೊಂದಿಸುವಂತೆಯೂ ಇಲ್ಲ.

ನಾಲ್ಕನೆಯದು ಕಾಯಿದೆ. 2011ರ ಏಪ್ರಿಲ್ 15ರಂದು ಅಮೆರಿಕದ ಸರ್ಕಾರ ದೊಡ್ಡ ಪೋಕರ್ ಜಾಲತಾಣಗಳನ್ನು ಮುಚ್ಚಿಸಿತು. ಅದನ್ನೇ ನಂಬಿ ಬದುಕಿದ್ದವರ ಕೆಲಸ ಒಂದೇ ದಿನಕ್ಕೆ ನಿಂತಿತು. ಕೆಲವರ ಹಣ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ, ಆನ್‌ಲೈನಿನಲ್ಲಿ ಹಣವಿಟ್ಟು ಆಡಿಸುವ ಆಟಗಳನ್ನು, ಕೌಶಲವಿರಲಿ ಅದೃಷ್ಟವಿರಲಿ, ನಿಷೇಧಿಸಿತು. ದೊಡ್ಡ ಕಂಪನಿಗಳು ಕೂಡಲೇ ಹಣದ ಆಟ ನಿಲ್ಲಿಸಿದವು. ಆದ್ದರಿಂದಲೇ ನಮ್ಮ ಹುಡುಗ ಫೋನು ಬಿಟ್ಟು ಪಣಜಿಯ ಮಾಂಡವಿ ನದಿಯ ಹಡಗುಗಳ ಕನಸು ಕಾಣುತ್ತಿದ್ದ. ಆ ಗೋವೆಯಲ್ಲೇ 2020ರ ಫೆಬ್ರವರಿ 1ರಿಂದ ಊರಿನ ಜನ ಕ್ಯಾಸಿನೋಗೆ ಆಡಲು ಹೋಗದಂತೆ ಅಲ್ಲಿಯ ಸರ್ಕಾರ ತಡೆ ಹಾಕಿತು. ತನ್ನ ಮಕ್ಕಳಿಗೆ ಬೇಡವೆಂದದ್ದು ನಮ್ಮ ಮಕ್ಕಳಿಗೆ ಕಸುಬಾದೀತೇ, ನೀವೇ ಯೋಚಿಸಿ.

“ಹಂಗಾರ ಗೆದ್ದವರೇ ಇಲ್ಲೇನ್ರಿ?” ಎಂದು ಹುಡುಗ ಕೇಳಿದ. ಇದ್ದಾರೆ. ಅಮೆರಿಕದ ಟೆನೆಸಿಯ ಕ್ರಿಸ್ ಮನಿಮೇಕರ್ ಎಂಬಾತ ನನ್ನಂತೆಯೇ ಲೆಕ್ಕ ಬರೆಯುವ ನೌಕರ. 2003ರಲ್ಲಿ ಲಾಸ್ ವೇಗಸಿನ ವಿಶ್ವ ಸ್ಪರ್ಧೆಯಲ್ಲಿ 25 ಲಕ್ಷ ಡಾಲರ್ ಗೆದ್ದ. ಆ ಸುದ್ದಿ ಕೇಳಿ ಲೋಕದ ತುಂಬ ಜನ ಪೋಕರಿಗೆ ಕುಳಿತರು. ಆ ಸ್ಪರ್ಧೆಯಲ್ಲಿ ಕುಳಿತವರು 839 ಜನ. ಅವನ ಹೆಸರು ಎಲ್ಲರಿಗೂ ಗೊತ್ತು, ಉಳಿದ 838ರಲ್ಲಿ ಎಷ್ಟು ಜನರ ಹೆಸರು ಗೊತ್ತು? ಆಟದಿಂದಲೇ ಬದುಕುವವರೂ ಕೆಲವರು ಇದ್ದಾರೆ. ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಮನೆಖರ್ಚಿನ ಹಣವನ್ನೂ ಆಟದ ಹಣವನ್ನೂ ಬೇರೆ ಇಟ್ಟಿರುತ್ತಾರೆ. ಪ್ರತಿ ದಿನದ ಲೆಕ್ಕ ಬರೆದಿರುತ್ತಾರೆ. ಅಪ್ಪನ ಠೇವಣಿಯಿಂದ ಆರಂಭಿಸಿದವನ ಬಳಿ ಈ ಮೂರರಲ್ಲಿ ಒಂದೂ ಇಲ್ಲ.

ಕೊನೆಗೆ ನಾನು, “ತಮ್ಮಾ, ಠೇವಣಿ ಮಾತು ಆಮೇಲೆ. ಫೋನಿನ್ಯಾಗ ಆಡಿದ ದಿನಗಳ ಬ್ಯಾಂಕ್ ಖಾತೆ ತೊಗೊಂಡು ಬಾ” ಎಂದೆ. ತಂದ. ಇಬ್ಬರೂ ಕುಳಿತು ಒಂದು ಪುಟದಲ್ಲಿ ಹಾಕಿದ್ದು, ಇನ್ನೊಂದರಲ್ಲಿ ತೆಗೆದದ್ದು ಬರೆದೆವು. ಹದಿನಾಲ್ಕು ತಿಂಗಳಲ್ಲಿ ಹಾಕಿದ್ದು 1,86,000. ಮರಳಿ ಬಂದದ್ದು 1,21,500. ಹೋದದ್ದು 64,500. ಒಂದೇ ರಾತ್ರಿ 38,000 ಬಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಐನೂರು, ಸಾವಿರ ಎಂದು ಹೋದದ್ದು ನೆನಪಿರಲಿಲ್ಲ. ತಾನು ಗೆಲುವಿನಲ್ಲಿದ್ದೇನೆ ಎಂದೇ ಅವನು ಪ್ರಾಮಾಣಿಕವಾಗಿ ನಂಬಿದ್ದ. ಬಹಳ ಹೊತ್ತು ಆ ಕಾಗದವನ್ನೇ ನೋಡಿ, ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಹೋದ. ಠೇವಣಿಯ ಮಾತನ್ನು ಮತ್ತೆ ಎತ್ತಿಲ್ಲ. ಎತ್ತುವುದಿಲ್ಲ ಎಂದು ನಾನು ಹೇಳಲಾರೆ.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬಂದರೆ ಸಿಟ್ಟಾಗಬೇಡಿ. ಸಿಟ್ಟು ಮಾಡಿದರೆ ಹುಡುಗರು ಆಟ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಒಂದು ನೋಟ್ ಬುಕ್ಕು ಕೊಡಿ, ಬ್ಯಾಂಕಿನ ಖಾತೆ ಪಕ್ಕದಲ್ಲಿ ಇಟ್ಟುಕೊಂಡು ಜೊತೆಗೆ ಕುಳಿತು ಬರೆಯಿರಿ. ಸೋತದ್ದನ್ನು ಮರಳಿ ಪಡೆಯಲೆಂದೇ ಆಡುತ್ತಿದ್ದರೆ, ಸಾಲ ಮುಚ್ಚಿಡುತ್ತಿದ್ದರೆ, ನಿದ್ದೆ ಬಿಟ್ಟಿದ್ದರೆ, ಅದು ಲೆಕ್ಕಕ್ಕೆ ನಿಲುಕುವ ಮಾತಲ್ಲ. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೂ ಮಾತಾಡಬಹುದು, ಖರ್ಚಿಲ್ಲ.

ಗೆದ್ದವನ ಕಥೆ ತಾನೇ ಊರೂರು ತಿರುಗುತ್ತದೆ. ಸೋತವನ ಲೆಕ್ಕವನ್ನು ಮಾತ್ರ ನಾವು ಕುಳಿತು ಬರೆಯಬೇಕಾಗುತ್ತದೆ.